ಕನ್ನಡಿಗರಿಗೆ ಉದ್ಯೋಗ, ಕನ್ನಡಕ್ಕೆ ಹುದ್ದೆ

ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಮುಂದೆ ಏನಾಗುತ್ತಾರೆ ಎಂಬ ಪ್ರಶ್ನೆ ನಮ್ಮ ವಿದ್ವತ್ ಪತ್ರಿಕೆಗಳಲ್ಲಿ ಚರ್ಚೆಗೆ ಬಂದಿರುವುದು ಅಪರೂಪ. ಕನ್ನಡ ಅಧ್ಯಯನದ ತಾತ್ವಿಕತೆ, ಅದರ ವಿಧಾನಗಳು, ವಸಾಹತುಶಾಹಿಯೊಂದಿಗೆ ಅದು ನಡೆಸಿದ ಮುಖಾಮುಖಿ, ಮಾರ್ಗ-ದೇಸಿಗಳ ಜಟಿಲ ಸಂಬಂಧ ಇವುಗಳನ್ನು ಕುರಿತು ವಿಚಾರಸಂಕಿರಣಗಳು ನಡೆದಿವೆ, ಸಂಪುಟಗಳು ಪ್ರಕಟವಾಗಿವೆ. ಆದರೆ ಆ ಸಂಕಿರಣಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ವಿದ್ಯಾರ್ಥಿಯ ಚೀಲದಲ್ಲಿ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಯ ಕೈಪಿಡಿಯೊಂದು ಇರುತ್ತದೆ ಎಂಬ ಸಂಗತಿಯನ್ನು ನಾವು ಕಂಡೂ ಕಾಣದವರಂತೆ ಇದ್ದೇವೆ. ಉದ್ಯೋಗದ ಪ್ರಶ್ನೆ ಅಧ್ಯಯನದ ಹೊರಗಿನದು, ಅದು ಉದ್ಯೋಗ ಮಾಹಿತಿ ಕೇಂದ್ರಕ್ಕೆ ಸೇರಿದ್ದು ಎಂಬ ಗ್ರಹಿಕೆ ಇದಕ್ಕೆ ಕಾರಣವಿರಬೇಕು. ಪ್ರಸ್ತುತ ಲೇಖನ ಈ ಗ್ರಹಿಕೆಯನ್ನು ಒಪ್ಪುವುದಿಲ್ಲ. ಕನ್ನಡ ಪದವೀಧರರಿಗೆ ಸರ್ಕಾರದಲ್ಲಿ ಯಾವ ಕೆಲಸ ದೊರೆಯುತ್ತದೆ, ಯಾವುದು ದೊರೆಯುವುದಿಲ್ಲ ಎಂಬುದು ರಾಜ್ಯವು ಕನ್ನಡವನ್ನು ಏನೆಂದು ತಿಳಿದಿದೆ ಎಂಬುದರ ಸೂಚಕವೂ ಹೌದು. ಆ ನೆಲೆಯಲ್ಲಿ ಇದು ಕನ್ನಡ ಅಧ್ಯಯನದ ಒಳಗಿನ ಪ್ರಶ್ನೆಯೇ ಆಗಿದೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳುವುದು ಅಗತ್ಯ. ಕರ್ನಾಟಕದ ಸಾರ್ವಜನಿಕ ಚರ್ಚೆಯಲ್ಲಿ ಭಾಷೆ ಮತ್ತು ಉದ್ಯೋಗಗಳು ಒಟ್ಟಿಗೆ ಬಂದಾಗಲೆಲ್ಲ ಅವು ‘ಕನ್ನಡಿಗರಿಗೆ ಉದ್ಯೋಗ’ ಎಂಬ ರೂಪದಲ್ಲಿಯೇ ಬಂದಿವೆ. ಸರೋಜಿನಿ ಮಹಿಷಿ ಅವರ ಅಧ್ಯಕ್ಷತೆಯ ಸಮಿತಿ 1986ರಲ್ಲಿ ಸಲ್ಲಿಸಿದ ವರದಿಯಿಂದ ಮೊದಲುಗೊಂಡು, 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿ ಕೆಲವೇ ದಿನಗಳಲ್ಲಿ ತಡೆಹಿಡಿದ ಸ್ಥಳೀಯ ಅಭ್ಯರ್ಥಿಗಳ ಮಸೂದೆಯವರೆಗೆ ಚರ್ಚೆಯ ಚೌಕಟ್ಟು ಇದೇ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಗಳಲ್ಲಿ ಇರುವ ಶೇ. 5ರ ಮೀಸಲಾತಿಯೂ ಇದೇ ಸಾಲಿಗೆ ಸೇರುತ್ತದೆ. ಇವುಗಳ ನ್ಯಾಯವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ‘ಕನ್ನಡಕ್ಕೆ ಹುದ್ದೆ’ ಎಂಬುದು ಬೇರೆಯೇ ಆದ ಪ್ರಶ್ನೆ. ಕನ್ನಡವನ್ನು ಆಳವಾಗಿ ಬಲ್ಲವರೇ ಮಾಡಬೇಕಾದ, ಇತರರು ಮಾಡಿದರೆ ಕೆಡುವ ಕೆಲಸಗಳು ರಾಜ್ಯದ ಆಡಳಿತದಲ್ಲಿ ಇವೆಯಲ್ಲವೆ? ಇದ್ದರೆ ಅವುಗಳಿಗೆ ಹುದ್ದೆಗಳಿವೆಯೆ? ಮೊದಲನೆಯದು ಜನರ ಹಕ್ಕಿಗೆ ಸಂಬಂಧಿಸಿದ್ದು, ಎರಡನೆಯದು ಒಂದು ಜ್ಞಾನಕ್ಕೆ ದೊರೆಯಬೇಕಾದ ಮನ್ನಣೆಗೆ ಸಂಬಂಧಿಸಿದ್ದು. ಮೊದಲನೆಯದನ್ನು ಕುರಿತು ಚಳವಳಿಗಳಾಗಿವೆ. ಎರಡನೆಯದನ್ನು ಕೇಳಬೇಕಾದವರು ಕನ್ನಡ ವಿಭಾಗಗಳವರು, ನಾವು ಕೇಳಲಿಲ್ಲ.

ಕೇಳದೆ ಇದ್ದುದಕ್ಕೆ ಚಾರಿತ್ರಿಕ ಕಾರಣವಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಆರಂಭವಾದುದು 1927ರಲ್ಲಿ. ಮೊದಲ ತಂಡದಲ್ಲಿ ಕುವೆಂಪು ಇದ್ದರು. ಅಂದು ಆ ಪದವಿಯ ಉದ್ದೇಶ ಸ್ಪಷ್ಟವಾಗಿತ್ತು. ಕಾಲೇಜುಗಳಲ್ಲಿ ಕನ್ನಡವನ್ನು ಪಂಡಿತ ಪರಂಪರೆಯ ಆಚೆಗೆ, ಆಧುನಿಕ ವಿದ್ಯೆಯಾಗಿ ಬೋಧಿಸುವವರು ಬೇಕಾಗಿದ್ದರು. ಪದವಿ ಮತ್ತು ಅಧ್ಯಾಪನ ಹೀಗೆ ಹುಟ್ಟಿನಿಂದಲೇ ಬೆಸೆದುಕೊಂಡವು. ಏಕೀಕರಣದ ನಂತರ ವಿಶ್ವವಿದ್ಯಾನಿಲಯಗಳು ಹೆಚ್ಚಿದವು, ಕಾಲೇಜುಗಳು ಹೆಚ್ಚಿದವು, ಹುದ್ದೆಗಳೂ ಹೆಚ್ಚಿದವು. ಆ ದಶಕಗಳಲ್ಲಿ ಎಂ.ಎ. ಮುಗಿಸಿದವನು ಮೇಷ್ಟರಾಗುತ್ತಾನೆ ಎಂಬುದನ್ನು ಯಾರೂ ವಾದಿಸಿ ಸ್ಥಾಪಿಸಬೇಕಾಗಿರಲಿಲ್ಲ. ಇಂದು ಪದವಿ ಉಳಿದಿದೆ, ಬೆಸುಗೆ ಬಿಟ್ಟಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಶೈಕ್ಷಣಿಕ ವರ್ಷ ಮುಗಿದೊಡನೆ ಅವರ ಸಂಬಂಧವೂ ಮುಗಿಯುತ್ತದೆ. 2021ರಲ್ಲಿ ಅಧಿಸೂಚನೆಯಾದ ಸಹಾಯಕ ಪ್ರಾಧ್ಯಾಪಕರ ನೇಮಕಾತಿಯಲ್ಲಿ ಎಲ್ಲ ವಿಷಯಗಳೂ ಸೇರಿ ಇದ್ದ ಹುದ್ದೆಗಳು 1242. ಇಂತಹ ಅಧಿಸೂಚನೆಗಳ ನಡುವೆ ಹಲವು ವರ್ಷಗಳ ಅಂತರವಿರುತ್ತದೆ. ಅಷ್ಟರಲ್ಲಿ ಎಷ್ಟು ತಂಡಗಳು ಪದವಿ ಪಡೆದು ಹೊರಬಂದಿರುತ್ತವೆ ಎಂಬುದನ್ನು ಓದುಗರೇ ಊಹಿಸಬಹುದು.

ಅಧ್ಯಾಪನಕ್ಕೆ ಅರ್ಹತೆಯಾದ ಎನ್.ಇ.ಟಿ. ಪರೀಕ್ಷೆಯ ವಿಷಯ ಇಲ್ಲಿ ಹೇಳುವಂತಹುದು. ಅದರ ಎರಡನೆಯ ಪತ್ರಿಕೆಯಲ್ಲಿ ಕನ್ನಡದ ಪ್ರಶ್ನೆಗಳು ಕನ್ನಡದಲ್ಲಿಯೇ ಇರುತ್ತವೆ. ಎಲ್ಲ ವಿಷಯದವರಿಗೂ ಸಾಮಾನ್ಯವಾದ ಮೊದಲ ಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಗಳಲ್ಲಿ ಮಾತ್ರ. ಹಿಂದಿ ಎಂ.ಎ. ಓದಿದವರು ಎರಡೂ ಪತ್ರಿಕೆಗಳನ್ನು ತಮ್ಮ ವ್ಯಾಸಂಗದ ಭಾಷೆಯಲ್ಲಿ ಬರೆಯಬಲ್ಲರು, ಕನ್ನಡ ಎಂ.ಎ. ಓದಿದವರು ಬರೆಯಲಾರರು. ರಾಜ್ಯದ ಕೆ-ಸೆಟ್ ಈ ದೃಷ್ಟಿಯಿಂದ ಮೇಲು. ಅಲ್ಲಿ ಮೊದಲ ಪತ್ರಿಕೆ ಕನ್ನಡದಲ್ಲಿಯೂ ಇದೆ. ಆದರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿಗಳ ಶಿಷ್ಯವೇತನ ಕೊಡಿಸುವ ಕಿರಿಯ ಸಂಶೋಧಕ ವೇತನ ದೊರೆಯುವುದು ಎನ್.ಇ.ಟಿ. ಮೂಲಕವೇ ಹೊರತು ಕೆ-ಸೆಟ್ ಮೂಲಕವಲ್ಲ.

ಅಧ್ಯಾಪನದ ಬಾಗಿಲು ಹೀಗೆ ಕಿರಿದಾದಾಗ ವಿದ್ಯಾರ್ಥಿಗಳು ಸ್ಪರ್ಧಾತ್ಮಕ ಪರೀಕ್ಷೆಗಳ ಕಡೆಗೆ ತಿರುಗಿದ್ದಾರೆ. ವಿಶ್ವವಿದ್ಯಾನಿಲಯದ ಯಾವ ಗ್ರಂಥಾಲಯದ ವಾಚನಾಲಯಕ್ಕೆ ಹೋದರೂ ಇದು ಕಾಣುತ್ತದೆ. ಬೆಳಿಗ್ಗೆಯೇ ಬಂದು ಕುರ್ಚಿ ಹಿಡಿಯುವವರು ತಮ್ಮ ಪುಸ್ತಕಗಳನ್ನು ತಾವೇ ತಂದಿರುತ್ತಾರೆ, ಒಳಗಿನ ಕಪಾಟುಗಳ ನಡುವೆ ಜನ ವಿರಳ. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರಗಳ ತರಬೇತಿ ಕೇಂದ್ರಗಳು, ಅವುಗಳ ಸುತ್ತಲಿನ ಬಾಡಿಗೆ ಕೊಠಡಿಗಳು, ಊಟದ ಮನೆಗಳು, ಜೆರಾಕ್ಸ್ ಅಂಗಡಿಗಳು ಈ ನಾಡಿನ ಶಿಕ್ಷಣದ ಒಂದು ಸಮಾನಾಂತರ ವ್ಯವಸ್ಥೆಯಾಗಿ ಬೆಳೆದಿವೆ. ಇದನ್ನು ಕಂಡು ನಮ್ಮ ಹಿರಿಯ ಅಧ್ಯಾಪಕರಲ್ಲಿ ಕೆಲವರು ನಿಟ್ಟುಸಿರಿಡುತ್ತಾರೆ. ಪಂಪನನ್ನು ಓದಬೇಕಾದ ಹುಡುಗರು ಪ್ರಚಲಿತ ವಿದ್ಯಮಾನ ಓದುತ್ತಿದ್ದಾರೆ ಎಂಬುದು ಅವರ ಕೊರಗು. ಈ ಕೊರಗಿನಲ್ಲಿ ಪ್ರೀತಿಯಿದ್ದರೂ ಅದು ಪೂರ್ತಿ ನ್ಯಾಯವಾದುದಲ್ಲ. ಇಂದು ಕನ್ನಡ ವಿಭಾಗಗಳಿಗೆ ಬರುವವರಲ್ಲಿ ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವವರು, ದಲಿತ ಮತ್ತು ಹಿಂದುಳಿದ ಸಮುದಾಯಗಳವರು, ಹಳ್ಳಿಯ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗೆ ಸರ್ಕಾರಿ ಉದ್ಯೋಗ ಸಂಬಳದ ಪ್ರಶ್ನೆಯಷ್ಟೇ ಅಲ್ಲ. ತಾತ ಕೈಮುಗಿದು ಹೊರಗೆ ನಿಂತ ಕಚೇರಿಯಲ್ಲಿ ಮೇಜಿನ ಆಚೆಗೆ ಕುಳಿತುಕೊಳ್ಳುವುದು ಅದು. ಮೀಸಲಾತಿ ಇರುವುದು ಅಲ್ಲಿ ಮಾತ್ರ. ಖಾಸಗಿ ವಲಯ ಕನ್ನಡ ಪದವೀಧರರಿಗೆ ಕೊಡುವ ಸುದ್ದಿವಾಹಿನಿಯ ಮೇಜು ಅಥವಾ ಜಾಹೀರಾತು ಅನುವಾದದ ಬಿಡಿ ಕೆಲಸಗಳಲ್ಲಿ ಅದಿಲ್ಲ, ಭದ್ರತೆಯೂ ಇಲ್ಲ.

ಆ ದಾರಿಯಾದರೂ ಸುಗಮವೇ ಎಂದರೆ ಹಾಗೇನೂ ಇಲ್ಲ. 2011ರಲ್ಲಿ ಅಧಿಸೂಚನೆಯಾದ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಪಟ್ಟಿಯನ್ನು ಸರ್ಕಾರ 2014ರಲ್ಲಿ ಹಿಂತೆಗೆದುಕೊಂಡಿತು. 2022ರಲ್ಲಿ ಶಾಸನವೊಂದನ್ನು ತಂದು ಆ ನೇಮಕಾತಿಯನ್ನು ಊರ್ಜಿತಗೊಳಿಸಬೇಕಾಯಿತು. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮಗಳ ಕಾರಣದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪರೀಕ್ಷೆಗೂ ಪರೀಕ್ಷೆಗೂ ನಡುವೆ ವಯಸ್ಸು ಮಾತ್ರ ತಡೆಯಾಜ್ಞೆಯಿಲ್ಲದೆ ಮುಂದುವರಿಯುತ್ತದೆ.

ಈ ಪರೀಕ್ಷೆಗಳಲ್ಲಿ ಕನ್ನಡ ಸಾಹಿತ್ಯದ ಜ್ಞಾನಕ್ಕೆ ಇರುವ ಬೆಲೆಯೇನು? ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರ ಪರೀಕ್ಷೆಯಲ್ಲಿ ಸಾಮಾನ್ಯ ಕನ್ನಡದ ಪತ್ರಿಕೆಯೊಂದಿದೆ. ಅದರ ಬದಲಿಗೆ ಸಾಮಾನ್ಯ ಇಂಗ್ಲಿಷನ್ನು ಆಯ್ದುಕೊಳ್ಳುವ ಅವಕಾಶವೂ ಇದೆ. ಕನ್ನಡ ಪತ್ರಿಕೆಯಲ್ಲಿ ಕೇಳುವುದು ಸಂಧಿ, ಸಮಾಸ, ತತ್ಸಮ-ತದ್ಭವ, ಕವಿ, ಕೃತಿ, ಬಿರುದು. ‘ಕವಿಚಕ್ರವರ್ತಿ’ ಎಂಬ ಬಿರುದನ್ನೇ ತೆಗೆದುಕೊಳ್ಳೋಣ. ರನ್ನನಿಗೆ ಅದು ಇದೆ, ಜನ್ನನಿಗೂ ಇದೆ, ಪೊನ್ನ ‘ಉಭಯಕವಿಚಕ್ರವರ್ತಿ’. ಪರೀಕ್ಷೆ ಈ ಮೂವರಲ್ಲಿ ಯಾರಿಗೆ ಯಾವುದು ಎಂದು ಕೇಳಿ ನಾಲ್ಕು ಆಯ್ಕೆಗಳನ್ನು ಕೊಡುತ್ತದೆ. ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟರೆಂಬ ಮೂರು ಬೇರೆ ಬೇರೆ ಪ್ರಭುತ್ವಗಳು ಕವಿಯನ್ನು ಚಕ್ರವರ್ತಿ ಎಂದು ಕರೆಯಲು ಏಕೆ ಬಯಸಿದವು ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವಿಲ್ಲ. ಸ್ಥಳವಿರಬೇಕೆಂದು ನಾನೂ ಹೇಳುವುದಿಲ್ಲ. ಗುಮಾಸ್ತರ ಪರೀಕ್ಷೆ ಕಾವ್ಯಮೀಮಾಂಸೆಯ ಪರೀಕ್ಷೆಯಾಗಬೇಕಿಲ್ಲ. ಆದರೆ ಗುಮಾಸ್ತರಿಗೆ ಬೇಕಾದ ಕನ್ನಡ, ಅಂದರೆ ಅರ್ಜಿಯೊಂದನ್ನು ಸಂಕ್ಷೇಪಿಸುವುದು, ಸುತ್ತೋಲೆಯೊಂದನ್ನು ರೈತನಿಗೆ ತಿಳಿಯುವಂತೆ ಬರೆಯುವುದು, ಅದೂ ಅಲ್ಲಿ ಇಲ್ಲ. ಸಾಹಿತ್ಯವೂ ಅಲ್ಲದ ವ್ಯವಹಾರವೂ ಅಲ್ಲದ ಮೂರನೆಯದೊಂದು ಕನ್ನಡವನ್ನು ಈ ಪರೀಕ್ಷೆಗಳು ಸೃಷ್ಟಿಸಿವೆ. ಅದಕ್ಕೆ ಪಠ್ಯವಿದೆ, ಬೋಧಕರಿದ್ದಾರೆ, ಮಾರುಕಟ್ಟೆಯಿದೆ. ಬಳಸುವ ಸ್ಥಳ ಮಾತ್ರ ಪರೀಕ್ಷಾ ಕೊಠಡಿಯೊಂದೇ.

ಮೇಲಿನ ಹಂತದಲ್ಲಿ ಒಂದು ವೈಚಿತ್ರ್ಯವಿದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯ ಇಂದಿಗೂ ಐಚ್ಛಿಕ ವಿಷಯ. ತಲಾ 250 ಅಂಕಗಳ ಎರಡು ಪತ್ರಿಕೆಗಳು. ಎಂಜಿನಿಯರಿಂಗ್, ವೈದ್ಯಕೀಯ ಓದಿದವರು ಅದನ್ನು ಆಯ್ದುಕೊಂಡು, ಪಂಪನನ್ನೂ ವಡ್ಡಾರಾಧನೆಯನ್ನೂ ಶ್ರದ್ಧೆಯಿಂದ ಓದಿ ಅಧಿಕಾರಿಗಳಾಗಿದ್ದಾರೆ. ಒಂದು ಸಾಹಿತ್ಯವನ್ನು ಪದವಿಯಲ್ಲಿ ಓದಿದವರೇ ಅದನ್ನು ಆಯ್ದುಕೊಳ್ಳಬೇಕೆಂದು 2013ರಲ್ಲಿ ತಂದ ನಿಯಮ ಪ್ರತಿಭಟನೆಗಳ ನಂತರ ನಿಲ್ಲಲಿಲ್ಲ, ಅದು ಸರಿಯೂ ಆಗಿತ್ತು. ರಾಜ್ಯದ ಗೆಜೆಟೆಡ್ ಪ್ರೊಬೇಷನರ್ ಮುಖ್ಯ ಪರೀಕ್ಷೆಯಲ್ಲಾದರೋ ಐಚ್ಛಿಕ ವಿಷಯಗಳನ್ನೇ ತೆಗೆದುಹಾಕಲಾಗಿದೆ. ಎಲ್ಲ ವಿಷಯದವರಿಗೂ ಸಮಾನ ಅವಕಾಶ ಸಿಗಲಿ ಎಂಬುದು ಅದರ ಹಿಂದಿನ ಆಶಯ. ಕನ್ನಡಕ್ಕೆ ಉಳಿದಿರುವುದು ತೇರ್ಗಡೆಯಾದರೆ ಸಾಕಾದ ಅರ್ಹತಾ ಪತ್ರಿಕೆ. ದೆಹಲಿಯ ಆಯೋಗದ ಮುಂದೆ ಕನ್ನಡ ಸಾಹಿತ್ಯ ಒಂದು ಜ್ಞಾನಶಾಖೆ, ಬೆಂಗಳೂರಿನ ಆಯೋಗದ ಮುಂದೆ ದಾಟಬೇಕಾದ ಒಂದು ಹೊಸ್ತಿಲು.

ಇನ್ನು 2024ರ ಪ್ರಸಂಗಕ್ಕೆ ಬರುತ್ತೇನೆ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಕರ್ನಾಟಕ ಲೋಕಸೇವಾ ಆಯೋಗ ಆ ವರ್ಷದ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದಲ್ಲಿ ಗಂಭೀರ ದೋಷಗಳಿದ್ದುವೆಂದು ಅಭ್ಯರ್ಥಿಗಳು ಪ್ರತಿಭಟಿಸಿದರು. ಯಂತ್ರಾನುವಾದವನ್ನು ನೆಚ್ಚಿಕೊಂಡಿದ್ದರ ಫಲವಿದು ಎಂಬ ಆರೋಪವೂ ಕೇಳಿಬಂದಿತು. ಮುಖ್ಯಮಂತ್ರಿಗಳ ಸೂಚನೆಯಂತೆ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲಿಯೂ ಅನುವಾದದ ದೋಷಗಳು ಕಂಡುಬಂದು ವಿವಾದ ನ್ಯಾಯಮಂಡಳಿಯ ಮೆಟ್ಟಿಲೇರಿತು. ಇದನ್ನು ಆಡಳಿತದ ಅದಕ್ಷತೆಯ ಕತೆಯಾಗಿ ಪತ್ರಿಕೆಗಳು ಬರೆದವು. ಕನ್ನಡದ ವಿದ್ಯಾರ್ಥಿಗಳಾಗಿ ನಾವು ಅದನ್ನು ಇನ್ನೊಂದು ಬಗೆಯಲ್ಲಿ ಓದಬೇಕಾಗುತ್ತದೆ.

ಇಂತಹ ಪರೀಕ್ಷೆಗಳ ಪ್ರಶ್ನೆಪುಸ್ತಿಕೆಗಳ ಮೇಲೆ ಒಂದು ಸೂಚನೆ ಅಚ್ಚಾಗಿರುವುದು ರೂಢಿ. ಕನ್ನಡ ಆವೃತ್ತಿಯಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಆವೃತ್ತಿಯನ್ನು ನೋಡಿಕೊಳ್ಳಬೇಕು, ಇಂಗ್ಲಿಷಿನದೇ ಅಂತಿಮ ಎಂಬುದು ಅದರ ತಾತ್ಪರ್ಯ. ಆಡಳಿತ ಭಾಷೆ ಕನ್ನಡವೆಂದು ಶಾಸನ ಮಾಡಿಕೊಂಡ ರಾಜ್ಯದಲ್ಲಿ, ಆ ಆಡಳಿತಕ್ಕೆ ಸೇರಬಯಸುವವರು ಮೊದಲು ಓದುವ ವಾಕ್ಯ ಇದು. ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಪ್ರತಿ ಪತ್ರಿಕೆಯಲ್ಲಿ 100 ಪ್ರಶ್ನೆಗಳು, 120 ನಿಮಿಷಗಳು; ಒಂದು ಪ್ರಶ್ನೆಗೆ 72 ಸೆಕೆಂಡು. ಇಂಗ್ಲಿಷಿನಲ್ಲಿ ಓದುವವರು ಪ್ರಶ್ನೆಯನ್ನು ಒಮ್ಮೆ ಓದುತ್ತಾರೆ. ಕನ್ನಡದಲ್ಲಿ ಓದುವವರು ಮೊದಲು ಕನ್ನಡದಲ್ಲಿ ಓದಿ, ಅರ್ಥವಾಗದೆ, ಎಡಭಾಗದ ಇಂಗ್ಲಿಷಿಗೆ ಹೋಗಿ, ಎರಡನ್ನೂ ಹೋಲಿಸಿ, ಯಾವುದು ಸರಿಯೆಂದು ತೀರ್ಮಾನಿಸಿ, ಆಮೇಲೆ ಉತ್ತರಕ್ಕೆ ಬರಬೇಕು. ತಪ್ಪಾದರೆ ಅಂಕ ಕಳೆಯುವ ನಿಯಮವೂ ಇದೆ. ಹೇಳಿಕೆಗಳನ್ನು ಕೊಟ್ಟು ಇವುಗಳಲ್ಲಿ ಯಾವುದು ಸರಿಯಲ್ಲ ಎಂದು ಕೇಳುವ ಮಾದರಿಯಲ್ಲಿ ಒಂದು ‘ಅಲ್ಲ’ ಬಿಟ್ಟುಹೋದರೆ ಇಡೀ ಪ್ರಶ್ನೆ ತಲೆಕೆಳಗಾಗುತ್ತದೆ. ಕನ್ನಡದ ವಾಕ್ಯರಚನೆಯಲ್ಲಿ ನಿಷೇಧ ವಾಕ್ಯದ ಕೊನೆಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ ಕ್ರಿಯಾಪದದ ಜೊತೆಯಲ್ಲಿಯೇ ಇರುತ್ತದೆ. ಷರತ್ತಿನ ಉಪವಾಕ್ಯ ನಮ್ಮಲ್ಲಿ ಮುಖ್ಯವಾಕ್ಯಕ್ಕೆ ಮೊದಲು ಬರುತ್ತದೆ, ಅಲ್ಲಿ ನಂತರವೂ ಬರಬಹುದು. ಇವು ತೌಲನಿಕ ವ್ಯಾಕರಣದ ಮೊದಲ ಪಾಠಗಳು. ಎಂ.ಎ. ತರಗತಿಯಲ್ಲಿ ಭಾಷಾವಿಜ್ಞಾನ ಪತ್ರಿಕೆಯನ್ನು ಮನಸ್ಸಿಟ್ಟು ಓದಿದ ಯಾರಿಗೂ ತಿಳಿದಿರುವಂಥವು. ಈ ತಿಳಿವಳಿಕೆಯುಳ್ಳವರು ಪರೀಕ್ಷಾ ಕೊಠಡಿಯ ಒಳಗೆ ಅಭ್ಯರ್ಥಿಗಳಾಗಿ ಕುಳಿತು ಕೆಟ್ಟ ಕನ್ನಡವನ್ನು ಬಿಡಿಸಿಕೊಳ್ಳುತ್ತಿದ್ದರು. ಅವರು ಮಾಡಬಹುದಾಗಿದ್ದ ಕೆಲಸ ಆ ಕೊಠಡಿಗೆ ಬರುವ ಮೊದಲೇ ಕೆಟ್ಟುಹೋಗಿತ್ತು.

ಭಾಷೆಗೆಂದೇ ಹುದ್ದೆ ಎಂಬುದು ಕೇವಲ ಆಶಯದ ಮಾತೆಂದು ತೋರಬಹುದಾದ್ದರಿಂದ ಒಂದು ಹೋಲಿಕೆ ಕೊಡುತ್ತೇನೆ. 1963 ಎರಡು ಶಾಸನಗಳ ವರ್ಷ. ಸಂಸತ್ತು ಅಧಿಕೃತ ಭಾಷೆಗಳ ಅಧಿನಿಯಮವನ್ನು ಅಂಗೀಕರಿಸಿತು. ಅದೇ ವರ್ಷ ಅಂದಿನ ಮೈಸೂರು ರಾಜ್ಯ ಕನ್ನಡವನ್ನು ಆಡಳಿತ ಭಾಷೆಯನ್ನಾಗಿ ಮಾಡುವ ತನ್ನ ಅಧಿನಿಯಮವನ್ನು ಮಾಡಿಕೊಂಡಿತು. ಮುಂದಿನ ಅರವತ್ತು ವರ್ಷಗಳಲ್ಲಿ ಈ ಎರಡು ಶಾಸನಗಳ ದಾರಿ ಬೇರೆಯಾಯಿತು. ಕೇಂದ್ರ 1976ರಲ್ಲಿ ನಿಯಮಗಳನ್ನು ರೂಪಿಸಿತು, ಕೇಂದ್ರ ಸಚಿವಾಲಯದ ರಾಜಭಾಷಾ ಸೇವೆಯೆಂಬ ಪ್ರತ್ಯೇಕ ಸೇವಾವರ್ಗವನ್ನೇ ಕಟ್ಟಿತು. ಸಿಬ್ಬಂದಿ ನೇಮಕಾತಿ ಆಯೋಗ ಕಿರಿಯ ಹಿಂದಿ ಅನುವಾದಕರ ಹುದ್ದೆಗಳಿಗೆ ಪರೀಕ್ಷೆ ನಡೆಸುತ್ತ ಬಂದಿದೆ. ಪದವಿಯಲ್ಲಿ ಇಂಗ್ಲಿಷ್ ಓದಿದ ಹಿಂದಿ ಎಂ.ಎ. ಪದವೀಧರರು, ಅನುವಾದದಲ್ಲಿ ಡಿಪ್ಲೊಮಾ ಅಥವಾ ಅನುಭವ ಇದ್ದರೆ, ಅದನ್ನು ಬರೆಯಬಹುದು. ಏಳನೆಯ ವೇತನ ಆಯೋಗದ ಪ್ರಕಾರ ಆರಂಭಿಕ ಮೂಲವೇತನ 35,400 ರೂಪಾಯಿ. ಸಾರ್ವಜನಿಕ ವಲಯದ ಬ್ಯಾಂಕುಗಳು ಹಿಂದಿ ಎಂ.ಎ. ಆದವರನ್ನು ರಾಜಭಾಷಾ ಅಧಿಕಾರಿಗಳಾಗಿ ಪ್ರತ್ಯೇಕ ಪರೀಕ್ಷೆಯ ಮೂಲಕ ತೆಗೆದುಕೊಳ್ಳುತ್ತವೆ, ಕರ್ನಾಟಕದಲ್ಲಿರುವ ಅವುಗಳ ಕಚೇರಿಗಳಲ್ಲಿಯೂ ಆ ಅಧಿಕಾರಿಗಳಿರುತ್ತಾರೆ. ಹಿಂದಿ ಎಂ.ಎ. ಮಾಡಿದ ವಿದ್ಯಾರ್ಥಿಗೆ ಅಧ್ಯಾಪನದ ಹೊರತಾಗಿ ತನ್ನ ಪದವಿಯನ್ನೇ ಕೇಳುವ ಹುದ್ದೆಗಳ ಒಂದು ಸಾಲು ಹೀಗೆ ಕಣ್ಣ ಮುಂದೆ ಇದೆ.

ನಮ್ಮ ಶಾಸನದಿಂದ ಹುಟ್ಟಿದ್ದು ಹೆಚ್ಚಾಗಿ ಸಮಿತಿಗಳು ಮತ್ತು ಪ್ರಾಧಿಕಾರಗಳು. 1983ರ ಕನ್ನಡ ಕಾವಲು ಸಮಿತಿ, 1994ರ ಅಧಿನಿಯಮದ ಮೂಲಕ ರೂಪುಗೊಂಡ ಕನ್ನಡ ಅಭಿವೃದ್ಧಿ ಪ್ರಾಧಿಕಾರ, ತೀರ ಈಚಿನ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇವುಗಳ ಸ್ವರೂಪ ಮುಖ್ಯವಾಗಿ ಮೇಲ್ವಿಚಾರಣೆಯದು. ಇಲಾಖೆಗಳಲ್ಲಿ ಕನ್ನಡ ಬಳಕೆಯಾಗುತ್ತಿದೆಯೇ ಎಂದು ನೋಡುವುದು, ಆಗದಿದ್ದರೆ ಪತ್ರ ಬರೆಯುವುದು. ಭಾಷಾಂತರ ನಿರ್ದೇಶನಾಲಯವಿದೆ, ವಿಧಾನಮಂಡಲದಲ್ಲಿ, ನ್ಯಾಯಾಲಯಗಳಲ್ಲಿ ಅನುವಾದಕರ ಹುದ್ದೆಗಳು ಅಲ್ಲಲ್ಲಿ ಇವೆ. ಆದರೆ ಎಲ್ಲ ಇಲಾಖೆಗಳನ್ನೂ ಒಳಗೊಳ್ಳುವ, ಕನ್ನಡ ಸ್ನಾತಕೋತ್ತರ ಪದವಿಯನ್ನು ಅರ್ಹತೆಯಾಗಿ ಕೇಳುವ, ನಿಯತವಾಗಿ ಪರೀಕ್ಷೆ ನಡೆದು ತುಂಬುವ ಒಂದು ಭಾಷಾ ಸೇವಾವರ್ಗ ಇಲ್ಲ. ಕಾವಲುಗಾರರನ್ನು ನೇಮಿಸಿದೆವು, ಹೊಲ ಉಳುವವರನ್ನು ನೇಮಿಸಲಿಲ್ಲ.

ಹಿಂದಿಯ ಉದಾಹರಣೆ ಕೊಟ್ಟದ್ದಕ್ಕೆ ಆಕ್ಷೇಪ ಬರಬಹುದು. ಹಿಂದಿಯ ಹೇರಿಕೆಯನ್ನು ನಾನು ಸಮರ್ಥಿಸುತ್ತಿಲ್ಲ; ಆ ಹೇರಿಕೆ ಅಷ್ಟು ಸಮರ್ಥವಾಗಿ ನಡೆಯಲು ಕಾರಣವಾದ ಆಡಳಿತ ವಿಧಾನವನ್ನು ಗಮನಿಸಬೇಕೆನ್ನುತ್ತಿದ್ದೇನೆ. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಅಧಿಕಾರಿಗಳ ಕೈಯಲ್ಲಿ ಹಿಂದಿ ಆಡುಮಾತಿನಿಂದ ದೂರವಾದ, ಯಾರೂ ಓದದ ಒಣ ಭಾಷೆಯಾಗಿದೆ, ಕನ್ನಡಕ್ಕೂ ಅದೇ ಗತಿ ಬರುವುದಿಲ್ಲವೇ ಎಂಬುದು. ಬರುವ ಸಾಧ್ಯತೆ ಖಂಡಿತ ಇದೆ. ನಮ್ಮ ಕಂದಾಯ ಇಲಾಖೆಯ ಭಾಷೆ ಪಹಣಿ, ಖಾತೆ, ಜಮಾಬಂದಿ, ರುಜು, ತಹಶೀಲ್ದಾರ ಎಂಬ ಮಾತುಗಳಿಂದ ತುಂಬಿದೆ. ಪರ್ಷಿಯನ್, ಅರಬ್ಬಿ, ಮರಾಠಿಗಳ ಮೂಲಕ ಬಂದ ಈ ಪದಗಳು ಹಳ್ಳಿಯ ಮುದುಕಿಗೂ ಗೊತ್ತು. ಇವುಗಳನ್ನು ಕಿತ್ತು ಸಂಸ್ಕೃತದ ಹೊಸ ಪದಗಳನ್ನು ನೆಡುವ ಉತ್ಸಾಹಿ ಬಂದರೆ ಆತನಿಗೆ ಪದವಿಯಿದ್ದರೂ ಆತ ಅನರ್ಹನೇ. ಯಾವ ಪದವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಹೊಸದಾಗಿ ಕಟ್ಟಬೇಕು ಎಂಬ ವಿವೇಕ ಬರುವುದು ಭಾಷೆಯ ಚರಿತ್ರೆಯನ್ನು ಬಲ್ಲವರಿಗೆ. ಆ ಚರಿತ್ರೆಯನ್ನು ಕಲಿಸುವವರು ನಾವೇ ಎಂಬುದನ್ನು ಮರೆಯಬಾರದು.

ಕಲಿಸುತ್ತೇವೆಯೆ ಎಂಬುದು ಮಾತ್ರ ಅನುಮಾನ. ಇಂದು ಸರ್ಕಾರ ಅಂತಹ ಸೇವಾವರ್ಗವನ್ನು ಸೃಷ್ಟಿಸಿ ನಾಳೆಯೇ ಪರೀಕ್ಷೆ ನಡೆಸಿದರೆ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ತೇರ್ಗಡೆಯಾದಾರು? ಅನುವಾದವನ್ನು ಕುರಿತ ಪತ್ರಿಕೆ ಹಲವು ವಿಶ್ವವಿದ್ಯಾನಿಲಯಗಳ ಎಂ.ಎ. ಪಠ್ಯಕ್ರಮದಲ್ಲಿದೆ. ಅದರಲ್ಲಿ ಅನುವಾದದ ವ್ಯಾಖ್ಯೆಗಳು, ವಿಧಗಳು, ಚರಿತ್ರೆ ಬರುತ್ತವೆ. ಪಂಪ ವ್ಯಾಸನನ್ನು ಹೇಗೆ ಮರುರೂಪಿಸಿದ, ಬಿ.ಎಂ.ಶ್ರೀ. ಇಂಗ್ಲಿಷ್ ಗೀತಗಳನ್ನು ಹೇಗೆ ತಂದರು ಎಂಬುದು ಬರುತ್ತದೆ. ವಿದ್ಯಾರ್ಥಿ ಅನುವಾದದ ಬಗೆಗೆ ಹದಿನೈದು ಪುಟ ಬರೆಯಬಲ್ಲ, ಒಂದು ಪುಟ ಅನುವಾದ ಮಾಡಲಾರ. ಗ್ರಂಥಸಂಪಾದನೆ ಓದಿದವರು ಹಸ್ತಪ್ರತಿಯನ್ನು ಮುಟ್ಟಿರುವುದಿಲ್ಲ, ಶಾಸನಶಾಸ್ತ್ರ ಓದಿದವರು ಅಚ್ಚುಪಡಿ ತೆಗೆದಿರುವುದಿಲ್ಲ. ಇಂಗ್ಲಿಷಿನ ದೌರ್ಬಲ್ಯವನ್ನು ನಾವು ಕೆಲವೊಮ್ಮೆ ಕನ್ನಡದ ಅಭಿಮಾನವೆಂದು ತಪ್ಪಾಗಿ ತಿಳಿದದ್ದೂ ಉಂಟು. ಎರಡು ಭಾಷೆಗಳಲ್ಲಿ ಒಂದನ್ನು ಅರ್ಧ ಬಲ್ಲವರು ಅನುವಾದಕರಾಗಲಾರರು.

ಇಲ್ಲಿಯೇ ಕಲಿಕೆಯ ಅವಧಿಯ ಕಾರ್ಯಾನುಭವದ, ಅಂದರೆ ಈಗ ಎಲ್ಲರೂ ಇಂಟರ್ನ್‌ಶಿಪ್ ಎನ್ನುವ ವ್ಯವಸ್ಥೆಯ ಮಾತು ಬರುವುದು. ಸರ್ಕಾರಗಳು ಈಗಾಗಲೇ ರೂಪಿಸಿರುವ ಯೋಜನೆಗಳಲ್ಲಿ ಕನ್ನಡ ವಿದ್ಯಾರ್ಥಿಗೆ ಏನಿದೆ ಎಂದು ನೋಡಿದರೆ ನಿರಾಶೆಯಾಗುತ್ತದೆ. 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5000 ರೂಪಾಯಿ ಗೊತ್ತುಮಾಡಿತು. ಅದು ದೊಡ್ಡ ಕಂಪನಿಗಳಲ್ಲಿನ ತರಬೇತಿ. ಸ್ನಾತಕೋತ್ತರ ಪದವಿ ಪಡೆದವರನ್ನು ಆ ಹಂತದ ನಿಯಮಗಳು ಹೊರಗಿಟ್ಟಿದ್ದವು. ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಸಂಭಾವನೆಯಿಲ್ಲ. ದೆಹಲಿಯಲ್ಲಿ ಸ್ವಂತ ಖರ್ಚಿನಿಂದ ಇರಬಲ್ಲವರಿಗೆ ಅದು. ರಾಜ್ಯದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ಗರಿಷ್ಠ ಎರಡು ವರ್ಷಗಳವರೆಗೆ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ; ವ್ಯಾಸಂಗ ಮುಂದುವರಿಸುವವರಿಗೆ ಇಲ್ಲ. ಅದು ಕೆಲಸವಿಲ್ಲದ್ದಕ್ಕೆ ಕೊಡುವ ನೆರವು. ನೆರವು ಬೇಡವೆಂದಲ್ಲ. ಅದೇ ಪದವೀಧರ ಮಾಡಬಲ್ಲ ಕೆಲಸ ಸರ್ಕಾರದ ಕಪಾಟುಗಳಲ್ಲಿಯೇ ಧೂಳು ಹಿಡಿದು ಬಿದ್ದಿರುವಾಗ ಸುಮ್ಮನಿರುವುದಕ್ಕೆ ಮಾತ್ರ ಹಣ ಕೊಡುವುದು ಏಕೆ ಎಂಬುದು ನನ್ನ ಪ್ರಶ್ನೆ.

ಆ ಕೆಲಸಗಳು ಯಾವುವು? ಈಗ ಕಿತ್ತೂರು ಕರ್ನಾಟಕವೆಂದು ಹೆಸರಾಗಿರುವ ಪ್ರದೇಶದ ಹಳೆಯ ದಾಖಲೆಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ, ಜಮೀನಿನ ವ್ಯಾಜ್ಯಗಳು ಕಡಿಮೆಯಾಗುತ್ತಿಲ್ಲ. ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಾಲದ ಕಡತಗಳಿವೆ, ಅವುಗಳ ವಿವರಣಾತ್ಮಕ ಸೂಚಿಗಳನ್ನು ತಯಾರಿಸುವುದು ಮುಗಿಯುವ ಕೆಲಸವಲ್ಲ. ಸುಪ್ರೀಂ ಕೋರ್ಟಿನ ತೀರ್ಪುಗಳು 2019ರಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬರತೊಡಗಿವೆ, ಯಂತ್ರಗಳ ನೆರವಿನಿಂದ ಮಾಡಿದ ಆ ಅನುವಾದಗಳನ್ನು ತಿದ್ದುವವರು ಬೇಕು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗದ ಕೇಂದ್ರ, ಭಾರತೀಯ ಭಾಷಾ ಸಂಸ್ಥಾನ, ರಾಷ್ಟ್ರೀಯ ಅನುವಾದ ಮಿಷನ್ ಎಲ್ಲವೂ ಮೈಸೂರಿನಲ್ಲಿವೆ. ಇಷ್ಟು ಸಂಸ್ಥೆಗಳು ಒಂದೇ ಊರಿನಲ್ಲಿರುವ ಅನುಕೂಲ ಭಾರತದ ಬೇರೆ ಎಷ್ಟು ಭಾಷೆಗಳಿಗೆ ಇದೆ?

ಇದಕ್ಕೆ ನಮ್ಮಲ್ಲಿಯೇ ಪೂರ್ವೋದಾಹರಣೆಯಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಮೊದಲ ಸಂಪುಟ ಪ್ರಕಟವಾದುದು 1970ರಲ್ಲಿ, ಕೊನೆಯದು 1995ರಲ್ಲಿ. ಜಿ. ವೆಂಕಟಸುಬ್ಬಯ್ಯನವರಂತಹ ಹಿರಿಯರ ಜೊತೆಗೆ ಅನೇಕ ತರುಣ ವಿದ್ವಾಂಸರು ಆ ಕಚೇರಿಯಲ್ಲಿ ಸಂಬಳ ಪಡೆದು, ಪ್ರಯೋಗಗಳನ್ನು ಹುಡುಕಿ, ಚೀಟಿ ಬರೆದು ಕೆಲಸ ಕಲಿತರು. ಅದು ಅಂದಿನ ಇಂಟರ್ನ್‌ಶಿಪ್ ಎನ್ನಬಹುದು. ಇನ್ನೂ ಹಿಂದಕ್ಕೆ ಹೋದರೆ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು ಬರುತ್ತದೆ, ಸೇನಬೋವ ಇಂಥವನು ಎಂದು. ಬರವಣಿಗೆಯೇ ಆತನ ಹುದ್ದೆ. ಮಾಸ್ತಿ, ನವರತ್ನ ರಾಮರಾಯರು ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಗಳಾಗಿದ್ದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅವರ ಕನ್ನಡ ಕಚೇರಿಯ ವೇಳೆ ಮುಗಿದ ಮೇಲಿನದು. ಸಂಸ್ಥಾನ ಅವರಿಗೆ ಸಂಬಳ ಕೊಟ್ಟದ್ದು ಅದಕ್ಕಲ್ಲ.

ಪ್ರಶ್ನೆಪತ್ರಿಕೆಗಳ ಅನುವಾದವನ್ನು ಮಾತ್ರ ಇಂತಹ ತರಬೇತಿಯಲ್ಲಿ ಸೇರಿಸುವಂತಿಲ್ಲ. ಅದನ್ನು ಮಾಡುವವರು ಮತ್ತು ಪರೀಕ್ಷೆ ಬರೆಯುವವರು ಒಂದೇ ವಯಸ್ಸಿನ, ಒಂದೇ ವಸತಿಗೃಹದ ಜನ, ಗೋಪ್ಯತೆ ಉಳಿಯುವುದಿಲ್ಲ. ಅದಕ್ಕೆ ಖಾಯಂ ನೌಕರರೇ ಬೇಕು, ಅವರ ಅನುವಾದವನ್ನು ಮೂಲ ನೋಡದೆ ಕನ್ನಡವನ್ನಷ್ಟೇ ಓದಿ ಪರಿಶೀಲಿಸುವ ಎರಡನೆಯವರೊಬ್ಬರು ಬೇಕು. ಒಳ್ಳೆಯ ಪ್ರಕಾಶನ ಸಂಸ್ಥೆಗಳಲ್ಲಿ ಇದು ಸಾಮಾನ್ಯ ಪದ್ಧತಿ, ಆಯೋಗಕ್ಕೆ ಅಸಾಧ್ಯವಾದುದೇನಲ್ಲ.

ಸೇವಾವರ್ಗದ ಸೃಷ್ಟಿಗೆ ಸಚಿವ ಸಂಪುಟದ ತೀರ್ಮಾನ, ಹಣಕಾಸು ಇಲಾಖೆಯ ಒಪ್ಪಿಗೆ, ನೇಮಕಾತಿ ನಿಯಮಗಳು ಬೇಕು. ಅವು ಕನ್ನಡ ವಿಭಾಗದ ಕೈಯಲ್ಲಿಲ್ಲ. ಕೈಯಲ್ಲಿರುವುದು ಪಠ್ಯಕ್ರಮ. ನಾಲ್ಕನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಪರ್ಯಾಯವಾಗಿ ಒಂದು ತಾಲೂಕು ಕಚೇರಿಯಲ್ಲಿ ಎಂಟು ವಾರಗಳ ಕೆಲಸವನ್ನು ಇಡಲು ಅಧ್ಯಯನ ಮಂಡಳಿಯ ನಿರ್ಣಯ, ತಹಶೀಲ್ದಾರರ ಒಪ್ಪಿಗೆಪತ್ರ ಇವಿಷ್ಟು ಸಾಕು. ವಿದ್ಯಾರ್ಥಿ ಅಲ್ಲಿನ ಹತ್ತು ಸುತ್ತೋಲೆಗಳನ್ನು ಸರಳ ಕನ್ನಡದಲ್ಲಿ ತಿರುಗಿ ಬರೆಯಬೇಕು, ಹತ್ತು ಅರ್ಜಿಗಳ ಸಾರಾಂಶ ಮಾಡಬೇಕು, ಆ ಕಚೇರಿಯ ಪದಗಳ ಒಂದು ಪಟ್ಟಿಯನ್ನು ಅವುಗಳ ಮೂಲ, ಅರ್ಥ, ಸ್ಥಳೀಯ ಉಚ್ಚಾರಣೆಗಳೊಂದಿಗೆ ಸಿದ್ಧಪಡಿಸಬೇಕು. ಮೌಲ್ಯಮಾಪನ ವಿಭಾಗದ್ದು. ಖರ್ಚಿನ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಸಂಭಾವನೆಯಿಲ್ಲದ ಕೆಲಸಕ್ಕೆ ಬಡ ವಿದ್ಯಾರ್ಥಿಯನ್ನು ಕಳಿಸಿ ಅದನ್ನು ಅನುಭವವೆಂದು ಕರೆಯುವುದು ಸಲ್ಲದು. ವಿದ್ಯಾರ್ಥಿನಿಯರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಕೊಡಬೇಕಾಗಿಲ್ಲ. ಹುಡುಗರ ಬಸ್ಸಿನ ಹಣವನ್ನು, ಎಲ್ಲರ ಮಧ್ಯಾಹ್ನದ ಊಟವನ್ನು, ಒಂದು ರಾಷ್ಟ್ರೀಯ ವಿಚಾರಸಂಕಿರಣಕ್ಕೆ ವಿಭಾಗ ಮಾಡುವ ವೆಚ್ಚದಲ್ಲಿ ಎಂಟು ವಾರಗಳ ಕಾಲ ಭರಿಸಲು ಸಾಧ್ಯವಾದೀತೆ ಎಂಬುದನ್ನು ಮುಂದಿನ ಆಯವ್ಯಯ ತಯಾರಿಸುವಾಗ ಲೆಕ್ಕ ಹಾಕಿ ನೋಡಬಹುದು.